ಹರಟೆಯನ್ನು ಸಿಂಪ್ಲೆಕ್ಸ್‌ಗೆ ಕಳಿಸಿದ ಮೇಲೆ ನಮ್ಮ ನೆಟ್ ಉಳಿಯಿತು

ನಮ್ಮ ರಾತ್ರಿ ನೆಟ್, ಅಂದರೆ ಹ್ಯಾಮ್‌ಗಳು (ಹವ್ಯಾಸಿ ರೇಡಿಯೋದವರು) ದಿನಾ ಒಂದೇ ಹೊತ್ತಿಗೆ ಗಾಳಿಯಲ್ಲಿ ಸೇರುವ ಕೂಟ, ಇನ್ನು ಉಳಿಯುವುದಿಲ್ಲ ಅಂತ ಒಂದು ಕಾಲಕ್ಕೆ ಎಲ್ಲರೂ ಕೈ ಚೆಲ್ಲಿದ್ದರು. ಈಗ ಮಳೆ ಇರಲಿ, ಹಬ್ಬ ಇರಲಿ, ದಿನಾ ಸುಮಾರು ಮೂವತ್ತು ಚೆಕ್-ಇನ್ (ಹಾಜರಿ) ಆಗುತ್ತದೆ. ಆಂಟೆನಾ ವಿಷಯವೂ ನಡೆಯುತ್ತದೆ, ಮನೆ ಮಕ್ಕಳ ವಿಷಯವೂ ನಡೆಯುತ್ತದೆ. ಒಂದಕ್ಕೊಂದು ಅಡ್ಡ ಬರುವುದಿಲ್ಲ. 'ಇದೆಲ್ಲ ಆಗೋ ಮಾತಲ್ಲ ಬಿಡಿ ಓಎಂ' (ಹ್ಯಾಮ್‌ಗಳು ಗೆಳೆಯರನ್ನು ಕರೆಯುವ ರೀತಿ) ಅಂದವರೇ ಈಗ ರಾತ್ರಿ ಒಂಬತ್ತೂವರೆಗೆ ಸಿಂಪ್ಲೆಕ್ಸ್‌ನಲ್ಲಿ, ಅಂದರೆ ಮಧ್ಯೆ ರಿಪೀಟರ್ ಇಲ್ಲದೆ ರೇಡಿಯೋದಿಂದ ರೇಡಿಯೋಗೆ ನೇರವಾಗಿ, ಎಲ್ಲರಿಗಿಂತ ಮೊದಲು ಕರೆಯುತ್ತಾರೆ. ಬೇರೆ ಊರಿನ ಎರಡು ಮೂರು ಗುಂಪಿನವರು ಹೇಗೆ ಮಾಡಿದಿರಿ ಅಂತ ಕೇಳಿದರು. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಬರೆದುಬಿಡೋಣ ಅನ್ನಿಸಿತು. ಲೈಸೆನ್ಸ್ ಇರುವವರಿಗಾಗಿ ಬರೆಯುತ್ತಿದ್ದೇನೆ. ಹೊಸಬರಿಗೆ ಬೇಕಾದ ಕಡೆ ಒಂದೆರಡು ಪದ ಮಾತ್ರ ಸೇರಿಸಿದ್ದೇನೆ.

ನಮ್ಮದು ಹಾಸನ, ಬೇಲೂರು, ಸಕಲೇಶಪುರ ಸುತ್ತ ಹರಡಿರುವ ಗುಂಪು. ಒಂದು ಕಾಫಿ ತೋಟದ ಗುಡ್ಡದ ಮೇಲೆ 2 ಮೀಟರ್ ಬ್ಯಾಂಡಿನ ರಿಪೀಟರ್ ಇದೆ, ಅಂದರೆ ಬಂದ ಸಿಗ್ನಲ್ ಹಿಡಿದು ದೂರಕ್ಕೆ ಮರಳಿ ಬಿಡುವ ಸ್ಟೇಷನ್. ಎರಡು ಹಳೇ ಕಮರ್ಷಿಯಲ್ ಮೊಬೈಲ್ ಸೆಟ್, ಸೆಕೆಂಡ್ ಹ್ಯಾಂಡ್ ಡ್ಯುಪ್ಲೆಕ್ಸರ್ (ಒಂದೇ ಆಂಟೆನಾದಲ್ಲಿ ಕಳಿಸುವುದು, ಕೇಳುವುದು ಎರಡನ್ನೂ ಮಾಡಿಸುವ ಫಿಲ್ಟರ್), ಮನೆಯಲ್ಲೇ ಮಾಡಿದ ಕಂಟ್ರೋಲರ್. ನೆಟ್ ರಾತ್ರಿ ಎಂಟೂವರೆಗೆ. ಜಗಳ ಇದ್ದಿದ್ದು ಒಂದೇ ವಿಷಯಕ್ಕೆ. ರಿಪೀಟರ್ ಮೇಲೆ ಹರಟೆ ಹೊಡೆಯಬಹುದಾ, ಬೇಡವಾ?

ಹಿರಿಯರು ಬೇಡ ಅನ್ನುತ್ತಿದ್ದರು. ಅವರಲ್ಲೊಬ್ಬರು ಯಾವಾಗಲೂ ಅಂಡಮಾನಿನ ಉದಾಹರಣೆ ಕೊಡುತ್ತಿದ್ದರು. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಅವರ ತಂಡ ವಿಯು4ಆರ್‌ಬಿಐ ಅನ್ನುವ ಕಾಲ್‌ಸೈನ್‌ನಲ್ಲಿ (ಸ್ಟೇಷನ್ನಿನ ಗುರುತಿನ ಹೆಸರು) ಅಲ್ಲಿಂದ ಗಾಳಿಗೆ ಬಂದಿತ್ತು. ಜಗತ್ತಿನ ಹ್ಯಾಮ್‌ಗಳೆಲ್ಲ ಮುಗಿಬಿದ್ದಿದ್ದರು. ಆಗ ಕಾಲ್‌ಸೈನ್, 59 (ಚೆನ್ನಾಗಿ ಕೇಳುತ್ತಿದೆ), ಮುಂದಿನವರು, ಅಷ್ಟೇ. 26ಕ್ಕೆ ಸುನಾಮಿ ಬಂತು. ಅದೇ ರೇಡಿಯೋಗಳು ಜನರ ಕ್ಷೇಮ ಸಮಾಚಾರ ಮುಟ್ಟಿಸುವ ಕೆಲಸಕ್ಕೆ ತಿರುಗಿದವು. 'ಶಿಸ್ತು ಇಲ್ಲದೆ ಅದು ಆಗ್ತಿತ್ತಾ?' ಅಂತ ಅವರು ಕೇಳುತ್ತಿದ್ದರು. ಮಾತು ನಿಜ. ಆದರೆ ಹಾಗೆ ಮುಗಿಬೀಳುವ ಪೈಲ್-ಅಪ್‌ನಲ್ಲಿ ಕೂಗುವವರು ಪರಸ್ಪರ ಮುಖ ನೋಡದವರು. ನಮ್ಮ ನೆಟ್‌ಗೆ ಬರುವವರು ದಿನಾ ಬರಬೇಕಾದ ನೆರೆಹೊರೆಯವರು. ಬರೀ ಎಸ್‌ಡಬ್ಲ್ಯುಆರ್ (ಆಂಟೆನಾ ಹೊಂದಾಣಿಕೆಯ ಅಳತೆ) ಕೇಳುವುದಕ್ಕೆ ಯಾರೂ ದಿನಾ ರೇಡಿಯೋ ಆನ್ ಮಾಡುವುದಿಲ್ಲ.

ಅಲ್ಲದೆ ನಿಯಮವೇ ಹರಟೆಗೆ ಜಾಗ ಇಟ್ಟಿದೆ. 1978ರ ಹವ್ಯಾಸಿ ನಿಯಮಗಳನ್ನು ಪರೀಕ್ಷೆಗೆ ಓದಿದವರಿಗೆ ನೆನಪಿರಬೇಕು. ಪ್ರಯೋಗಕ್ಕೆ ಸಂಬಂಧಪಟ್ಟ ತಾಂತ್ರಿಕ ಮಾತು ಆಡಬಹುದು. ಅದರ ಜೊತೆಗೆ, ಫೋನು ತಂತಿ ಬಳಸುವಷ್ಟು ಮುಖ್ಯವಲ್ಲದ ಸ್ವಂತ ಮಾತೂ ಆಡಬಹುದು. ಅಂದರೆ ಊಟ ಆಯ್ತಾ, ಮಳೆ ಬಂತಾ ಅನ್ನುವುದು ಕಳ್ಳತನ ಅಲ್ಲ. ಇದನ್ನು ನಾನು ಸಭೆಯಲ್ಲಿ ಓದಿ ಹೇಳಿದ ಮೇಲೂ ಹಿರಿಯರು ಒಪ್ಪಲಿಲ್ಲ.

ಹಾಗಾಗಿ ಮೊದಲು ಅವರ ದಾರಿಯೇ ನಡೆಯಿತು. ನೆಟ್‌ನಲ್ಲಿ ತಾಂತ್ರಿಕ ವಿಷಯ ಬಿಟ್ಟರೆ ಏನೂ ಇಲ್ಲ. ಯಾರಾದರೂ 'ನಮ್ಮ ಕಡೆ ಕಾಫಿ ಹೂವು ಬಿಟ್ಟಿದೆ' ಅಂದರೆ ನೆಟ್ ಕಂಟ್ರೋಲ್ (ನೆಟ್ ನಡೆಸುವವರು) ಅಲ್ಲೇ ತಡೆಯುತ್ತಿದ್ದರು. ಎರಡು ತಿಂಗಳೊಳಗೆ ಇಪ್ಪತ್ತೈದರ ಹತ್ತಿರ ಇದ್ದ ಚೆಕ್-ಇನ್ ಏಳೆಂಟಕ್ಕೆ ಇಳಿಯಿತು. ಅದೂ ಕಾಲ್‌ಸೈನ್ ಹೇಳಿ, 73 (ಶುಭಾಶಯ) ಅಂದು, ಸೆಟ್ ಆಫ್ ಮಾಡುವವರು. ಹೊಸದಾಗಿ ರಿಸ್ಟ್ರಿಕ್ಟೆಡ್ ಗ್ರೇಡ್ (ಕೆಳಗಿನ ದರ್ಜೆಯ ಲೈಸೆನ್ಸ್) ಪಾಸಾದ ಹುಡುಗರಂತೂ ಪಿಟಿಟಿ (ಮಾತಾಡುವ ಗುಂಡಿ) ಒತ್ತಲೇ ಹೆದರಿದರು. ಅವರಿಗೆ ಹೇಳಲು ತಾಂತ್ರಿಕ ವಿಷಯ ಎಲ್ಲಿಂದ ಬರಬೇಕು? ಅವರ ಹತ್ತಿರ ಎರಡು ಸಾವಿರ ರೂಪಾಯಿಯ ಒಂದು ಹ್ಯಾಂಡಿ (ಕೈಯಲ್ಲಿ ಹಿಡಿಯುವ ರೇಡಿಯೋ) ಇತ್ತು, ಅಷ್ಟೇ.

ಆಮೇಲೆ ಉಲ್ಟಾ ಆಯಿತು. ಕಂಟ್ರೋಲ್ ಸಡಿಲ ಬಿಟ್ಟರು. ನಾಲ್ಕೇ ಜನ ಎಂಟೂವರೆಯಿಂದ ಹನ್ನೊಂದರವರೆಗೆ ರಿಪೀಟರ್ ಹಿಡಿದುಕೊಂಡರು. ಇದರ ಖರ್ಚು ಎಷ್ಟು ಅಂತ ಹೇಳಬೇಕು, ಯಾಕೆಂದರೆ ಹರಟೆಗೆ ದುಡ್ಡು ಬೇಕಾಗುತ್ತದೆ ಅಂತ ಯಾರೂ ಯೋಚಿಸುವುದಿಲ್ಲ. ನಮ್ಮ ಟ್ರಾನ್ಸ್‌ಮಿಟರ್ ಆಗ 45 ವಾಟ್‌ನಲ್ಲಿ ಓಡುತ್ತಿತ್ತು. ಆ ಪವರ್‌ನಲ್ಲಿ ಸೆಟ್ ಹತ್ತು ಆಂಪಿಯರ್ ಹತ್ತಿರ ಎಳೆಯುತ್ತದೆ. ಗುಡ್ಡದ ಮೇಲೆ ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇಲ್ಲದಿರುವುದು ಮಾಮೂಲು. 100 ಎಎಚ್ ಬ್ಯಾಟರಿ ಎರಡನೇ ರಾತ್ರಿಗೇ ಮಲಗುತ್ತಿತ್ತು. ಪದೇ ಪದೇ ಪೂರ್ತಿ ಖಾಲಿಯಾಗಿ ಒಂದೂವರೆ ವರ್ಷದಲ್ಲೇ ಬ್ಯಾಟರಿ ಹೋಯಿತು. ಹೊಸದಕ್ಕೆ ಹದಿನಾಲ್ಕು ಸಾವಿರ ಚಿಲ್ಲರೆ. ಮೊಬೈಲ್ ಸೆಟ್ ಸತತವಾಗಿ ಟ್ರಾನ್ಸ್‌ಮಿಟ್ ಮಾಡಲು ಮಾಡಿದ್ದಲ್ಲ. ಪಿಎ (ಸಿಗ್ನಲ್‌ಗೆ ಬಲ ಕೊಡುವ ಭಾಗ) ಕಾದು ಕಾದು ಕೊನೆಗೆ ಅದರ ಫೈನಲ್ ಟ್ರಾನ್ಸಿಸ್ಟರ್ ಸುಟ್ಟಿತು. ರಿಪೇರಿಗೆ ಐದು ಸಾವಿರದ ಹತ್ತಿರ, ಜೀಪ್ ಬಾಡಿಗೆ ಬೇರೆ. ಚಂದಾ ಎತ್ತುವಾಗ ಹರಟೆ ಹೊಡೆಯದವರು 'ನಾವ್ಯಾಕೆ ಕೊಡಬೇಕು' ಅಂದರು. ಅವರ ಮಾತು ನ್ಯಾಯವಾಗಿತ್ತು.

ದುಡ್ಡಿಗಿಂತ ದೊಡ್ಡ ವಿಷಯ ಇನ್ನೊಂದು. ಜೂನ್‌ನ ಒಂದು ರಾತ್ರಿ ಘಾಟಿ ರಸ್ತೆಯಲ್ಲಿ ಮರ ಬಿದ್ದು ನಮ್ಮ ಸದಸ್ಯರೊಬ್ಬರ ಕಾರು ಸಿಕ್ಕಿಕೊಂಡಿತು. ಮೊಬೈಲ್ ಸಿಗ್ನಲ್ ಇಲ್ಲ. ಹ್ಯಾಂಡಿಯಿಂದ 'ಬ್ರೇಕ್, ಬ್ರೇಕ್' ಅಂತ ಕೂಗುತ್ತಲೇ ಇದ್ದರು. ಇಲ್ಲಿ ಒಬ್ಬರು ಬಿಟ್ಟ ಕೂಡಲೇ ಇನ್ನೊಬ್ಬರು ಒತ್ತುತ್ತಿದ್ದರು. ನಡುವೆ ಉಸಿರಾಡುವಷ್ಟೂ ಜಾಗ ಇರಲಿಲ್ಲ. ಬಲವಾದ ಸ್ಟೇಷನ್‌ಗಳ ಕೆಳಗೆ ಅವರ ಐದು ವಾಟ್ ಕೇಳಲೇ ಇಲ್ಲ. ಕಾಲು ಗಂಟೆ ಮೇಲೆ ಯಾರೋ ಕಾಫಿ ಕುಡಿಯಲು ಎದ್ದಾಗ ಅವರ ದನಿ ಒಳಗೆ ಬಂತು. ದೇವರ ದಯೆ, ಯಾರಿಗೂ ಪೆಟ್ಟಾಗಿರಲಿಲ್ಲ.

ಆ ರಾತ್ರಿ ಆದ ಮೇಲೆ ಕಂಟ್ರೋಲರ್ ಕೆಲಸವನ್ನು ನಾನು ಕೈಗೆತ್ತಿಕೊಂಡೆ. ಮಾತು ತಡೆಯಲು ಮನುಷ್ಯ ಬೇಡ, ಬೀಪ್ ಸಾಕು ಅನ್ನುವುದು ನನ್ನ ವಾದ. ಟೈಮ್-ಔಟ್ ಟೈಮರ್ ಹೆಚ್ಚಿನ ರಿಪೀಟರ್‌ಗಳಲ್ಲಿ ಇರುತ್ತದೆ, ಅಲ್ವಾ? ನಮ್ಮದರಲ್ಲಿ ಮೂರು ನಿಮಿಷ ಇತ್ತು, ಅದು ಮೀರಿದರೆ ಮಾತು ಕಟ್. ನಾನು ಮಾಡಿದ ಬದಲಾವಣೆ ಇಷ್ಟೇ. ಮಾತಾಡಿ ಬಿಟ್ಟ ಮೇಲೆ ಕೆಲವು ಸೆಕೆಂಡ್ ಸುಮ್ಮನಿದ್ದು ಆಮೇಲೆ ಬೀಪ್ ಬರುವಂತೆ ಬರೆದೆ. ಬೀಪ್ ಬಂದರೆ ಮಾತ್ರ ಟೈಮರ್ ಸೊನ್ನೆಗೆ ಹೋಗುತ್ತದೆ. ಬೀಪ್‌ಗೆ ಮೊದಲೇ ಒತ್ತಿದರೆ ಹಿಂದಿನವರ ಸಮಯವೂ ನಿಮ್ಮ ಲೆಕ್ಕಕ್ಕೆ ಬರುತ್ತದೆ. ಅವಸರದವರು ಮಾತಿನ ಮಧ್ಯೆ ಕಟ್ ಆದರು. ಮೊದಲ ವಾರ ನನಗೆ ಬೈಗುಳ ಬಂತು. ಎರಡನೇ ವಾರ ಎಲ್ಲರೂ ಬೀಪ್‌ಗೆ ಕಾಯಲು ಕಲಿತರು. ಆ ಖಾಲಿ ಸೆಕೆಂಡ್‌ಗಳಲ್ಲಿ ಯಾರು ಬೇಕಾದರೂ ಒಳಗೆ ಬರಬಹುದು. ಎಷ್ಟು ಸೆಕೆಂಡ್ ಇಟ್ಟಿದ್ದೇನೆ ಅಂತ ಕೇಳಬೇಡಿ. ನೆಟ್ ಹೊತ್ತಿಗೆ ಒಂದು, ಬೇರೆ ಹೊತ್ತಿಗೆ ಇನ್ನೊಂದು. ನಿಮ್ಮ ಗುಂಪಿನ ಮಾತಿನ ವೇಗ ನೋಡಿ ನೀವೇ ಹೊಂದಿಸಿಕೊಳ್ಳಬೇಕು. ಜೊತೆಗೆ ಪವರ್ 15 ವಾಟ್‌ಗೆ ಇಳಿಸಿ ಹಳೇ ಕಂಪ್ಯೂಟರ್‌ನ ಎರಡು ಫ್ಯಾನ್ ಕಟ್ಟಿದೆವು. ಅದಾದ ಮೇಲೆ ಫೈನಲ್ ಹೋಗಿಲ್ಲ. ಕವರೇಜ್ ಕಮ್ಮಿ ಆಯಿತು ಅಂತ ಒಬ್ಬರೂ ಹೇಳಿಲ್ಲ.

ಇದರಿಂದ ಅಪಾಯ ತಪ್ಪಿತು. ಜಗಳ ತಪ್ಪಲಿಲ್ಲ. ಭಾನುವಾರ ಬರೀ ಹರಟೆ, ಉಳಿದ ದಿನ ಬರೀ ವಿಷಯ ಅಂತ ಒಬ್ಬರು ಸೂಚಿಸಿದರು. ಭಾನುವಾರ ಯಾರೂ ಬರಲಿಲ್ಲ. ಗಡಿಯಾರ ನೋಡಿ ಹರಟೆ ಹುಟ್ಟುವುದಿಲ್ಲ. ವಿಷಯ ಮಾತಾಡುವಾಗ ಯಾರೋ ಏನೋ ಅಂದಾಗಲೇ ಅದು ಶುರುವಾಗುವುದು. ವಾಟ್ಸಾಪ್ ಗುಂಪು ಮಾಡಿ ಹರಟೆ ಅಲ್ಲಿಗೆ ಹಾಕೋಣ ಅಂದರು ಇನ್ನೊಬ್ಬರು. ಅಲ್ಲಿ ಗುಡ್ ಮಾರ್ನಿಂಗ್ ಚಿತ್ರ ಮತ್ತು ರಾಜಕೀಯದ ಫಾರ್ವರ್ಡ್ ತುಂಬಿತು. ಇಬ್ಬರು ಮಾತು ಬಿಟ್ಟರು. ರೇಡಿಯೋದಲ್ಲಿ ಹತ್ತು ವರ್ಷ ಒಟ್ಟಿಗೆ ಇದ್ದವರು ಅಲ್ಲಿ ಹತ್ತು ದಿನ ಇರಲಾಗಲಿಲ್ಲ. ರೇಡಿಯೋದಲ್ಲಿ ರಾಜಕೀಯ, ಧರ್ಮ, ವ್ಯಾಪಾರ ಮಾತಾಡುವುದಿಲ್ಲ ಅನ್ನುವ ಅಭ್ಯಾಸ ನಮ್ಮನ್ನು ಎಷ್ಟು ಕಾಪಾಡಿದೆ ಅಂತ ಆಗ ಗೊತ್ತಾಯಿತು.

ಈಗ ನಡೆಯುತ್ತಿರುವ ಪದ್ಧತಿ ಹೀಗಿದೆ.

ಚೆಕ್-ಇನ್ ಹೊತ್ತಿಗೆ ಪ್ರತಿಯೊಬ್ಬರೂ ಕಾಲ್‌ಸೈನ್ ಜೊತೆ ಒಂದೇ ಒಂದು ವಾಕ್ಯ ಮನೆ ಕಡೆ ವಿಷಯ ಹೇಳಬೇಕು. ಹೇಳಬಹುದು ಅಲ್ಲ, ಹೇಳಬೇಕು. ಮಳೆ ಎಷ್ಟು, ಆನೆ ಬಂತಾ, ಮಗಳ ರಿಸಲ್ಟ್ ಏನಾಯಿತು. ಹೊಸಬರಿಗೆ ಇದು ದೊಡ್ಡ ಉಪಕಾರ. ತಾಂತ್ರಿಕ ಮಾತು ಬರದಿದ್ದರೂ ಬಾಯಿ ಬಿಡಲು ಒಂದು ನೆಪ ಸಿಗುತ್ತದೆ. ಆಮೇಲೆ ಅರ್ಧ ಗಂಟೆ ಒಂದೇ ಪ್ರಶ್ನೆ. ಆ ಪ್ರಶ್ನೆ ಪುಸ್ತಕದ್ದಾಗಿರಬಾರದು. ನಮ್ಮಲ್ಲೇ ಯಾರಿಗೋ ಆ ವಾರ ಬಂದ ತೊಂದರೆ ಆಗಿರಬೇಕು. ಉದಾಹರಣೆಗೆ, 40 ಮೀಟರ್ ಬ್ಯಾಂಡಿನ ಡೈಪೋಲ್‌ಗೆ (ತಂತಿ ಆಂಟೆನಾ) ಇಪ್ಪತ್ತು ಮೀಟರ್ ಉದ್ದದ ಜಾಗ ಇಲ್ಲ, ಎರಡು ಸಿಲ್ವರ್ ಮರದ ನಡುವೆ ಹೇಗೆ ಬಗ್ಗಿಸಲಿ ಅಂತ ಒಬ್ಬರು ಕೇಳಿದರು. ಮಾಡಿ ನೋಡಿದವರು ಮಾತ್ರ ಉತ್ತರ ಕೊಡಬೇಕು. ಎಲ್ಲೋ ಓದಿದ್ದು, ಕೇಳಿದ್ದು ಬೇಡ. ಈ ಒಂದು ನಿಯಮದಿಂದಲೇ ಅರ್ಧ ವಾದ ನಿಂತಿತು.

ಆ ಅರ್ಧ ಗಂಟೆಯಲ್ಲಿ ಹರಟೆ ಎದ್ದರೆ ನೆಟ್ ಕಂಟ್ರೋಲ್ ಬೈಯುವುದಿಲ್ಲ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇರುತ್ತದೆ. 'ಹಲಸಿನ ಹಣ್ಣಿನ ವಿಷಯ ಬರ್ಕೊಂಡೆ ಓಎಂ, ಆಮೇಲೆ' ಅಂದು ಮುಂದೆ ಹೋಗುತ್ತಾರೆ. ನೆಟ್ ಮುಗಿಸುವಾಗ ಆ ಪಟ್ಟಿಯನ್ನು ಜೋರಾಗಿ ಓದುತ್ತಾರೆ. ಬೇಲೂರಿನವರ ಹಲಸು, ಆಲೂರಿನವರ ಕಳೆದುಹೋದ ನಾಯಿ, ಹಾಸನದವರ ಹೊಸ ಸ್ಕೂಟರ್. ಇವೆಲ್ಲ ಈಗ ಸಿಂಪ್ಲೆಕ್ಸ್‌ನಲ್ಲಿ, ಎಲ್ಲರಿಗೂ 73, ನೆಟ್ ಮುಗಿಯಿತು. ಪಟ್ಟಿ ಓದುವುದನ್ನು ಬಿಡಬೇಡಿ. ಒಂದು ವಾರ ಬಿಟ್ಟು ನೋಡಿದೆವು, ಸಿಂಪ್ಲೆಕ್ಸ್‌ಗೆ ಬರುವವರು ಅರ್ಧಕ್ಕೆ ಇಳಿದರು. ತನ್ನ ಮಾತನ್ನು ಯಾರೋ ಬರೆದಿಟ್ಟುಕೊಂಡರು ಅನ್ನುವುದೇ ಮನುಷ್ಯನಿಗೆ ಸಾಕು.

ಸಿಂಪ್ಲೆಕ್ಸ್ ಅಂದಾಗಲೇ ಎಲ್ಲರೂ ತಲೆ ಅಲ್ಲಾಡಿಸಿದ್ದು. ಗುಡ್ಡಗಾಡು ಜಾಗ. ಬೇಲೂರಿಗೂ ಸಕಲೇಶಪುರಕ್ಕೂ ನೇರ ಕೇಳುವುದು ಕಷ್ಟ. 'ಹ್ಯಾಂಡಿ ಹಿಡ್ಕೊಂಡವರು ಸಿಂಪ್ಲೆಕ್ಸ್‌ಗೆ ಎಲ್ಲಿ ಬರ್ತಾರೆ ಸಾರ್' ಅಂದರು. ಮೊದಲ ರಾತ್ರಿ ಹಾಸನ ಪೇಟೆಯ ಐದಾರು ಜನ ಮಾತ್ರ ಸಿಕ್ಕರು. ಉಳಿದವರಿಗೆ ಬರೀ ಸೊರ್ ಅನ್ನುವ ಸದ್ದು. ಆದರೆ ತಮ್ಮದೇ ಹಲಸಿನ ಮಾತು ಅಲ್ಲಿ ನಡೆಯುತ್ತಿದೆ, ತಮಗೆ ಕೇಳುತ್ತಿಲ್ಲ ಅಂದರೆ ಯಾರು ಸುಮ್ಮನಿರುತ್ತಾರೆ? ಮೂರನೇ ವಾರಕ್ಕೆ ಬೇಲೂರಿನವರು ಅಟ್ಟದಿಂದ ಹಳೇ ಟಿವಿಯ ರಿಬ್ಬನ್ ವೈರ್ ಇಳಿಸಿ ಸ್ಲಿಮ್ ಜಿಮ್ ಅನ್ನುವ ಆಂಟೆನಾ ಮಾಡಿದರು. ನನಗೆ ಬೇಕಾಗಿದ್ದೂ ಅದೇ.

ಹರಟೆಯ ಆಸೆಗೆ ಜನ ಆಂಟೆನಾ ಕಟ್ಟಿದರು. ಎಷ್ಟು ವರ್ಷ ಪಾಠ ಹೇಳಿದರೂ ಕಟ್ಟದವರು. ಸ್ಲಿಮ್ ಜಿಮ್‌ಗೆ 300 ಓಮ್ ರಿಬ್ಬನ್ ಒಂದೂವರೆ ಮೀಟರ್, ಒಂದು ಪಿವಿಸಿ ಪೈಪ್, ಒಂದು ಕನೆಕ್ಟರ್. ಮುನ್ನೂರು ರೂಪಾಯಿ ಒಳಗೆ ಮುಗಿಯುತ್ತದೆ. ಪೈಪ್ ಒಳಗೆ ಹಾಕಿದ ಮೇಲೆ ಟ್ಯೂನ್ ಸ್ವಲ್ಪ ಕೆಳಗೆ ಜಾರುತ್ತದೆ. ಹಾಗಾಗಿ ಹೊರಗೆ ಅಳೆದು ಕತ್ತರಿಸಬೇಡಿ, ಪೈಪ್ ಒಳಗೇ ಇಟ್ಟು ಅಳೆಯಿರಿ. ಗುಂಪಿಗೆಲ್ಲ ಸೇರಿ ಒಂದು ನ್ಯಾನೋವಿಎನ್‌ಎ (ಆಂಟೆನಾ ಅಳೆಯುವ ಸಣ್ಣ ಯಂತ್ರ) ತಂದೆವು, ಐದು ಸಾವಿರದ ಆಸುಪಾಸು. ಅದು ಮನೆಯಿಂದ ಮನೆಗೆ ಸುತ್ತುತ್ತಲೇ ಇದೆ. ನಮ್ಮ ಖರ್ಚಿನಲ್ಲಿ ಅತಿ ಹೆಚ್ಚು ಲಾಭ ಕೊಟ್ಟಿದ್ದು ಇದೇ.

ದೂರದವರಿಗೆ ಯಾಗಿ (ಒಂದೇ ದಿಕ್ಕಿಗೆ ಬಲ ಕೊಡುವ ಆಂಟೆನಾ) ಬೇಕಾಯಿತು. ಹಳೇ ಟಿವಿ ಆಂಟೆನಾದ ಬೂಮ್, ಅಲ್ಯುಮಿನಿಯಂ ಕೊಳವೆ, ಮೂರು ಎಲಿಮೆಂಟ್, ಒಂದೊಂದು ಹತ್ತಿರ ಹತ್ತಿರ ಒಂದು ಮೀಟರ್. ಟಿವಿ ಕಾಲದ ಅಭ್ಯಾಸದಿಂದ ಒಬ್ಬರು ಅಡ್ಡ ಕಟ್ಟಿದರು. ಎಫ್‌ಎಂನಲ್ಲಿ ಉಳಿದವರೆಲ್ಲ ನೆಟ್ಟಗೆ ನಿಲ್ಲಿಸಿರುವಾಗ ಅಡ್ಡ ಕಟ್ಟಿದರೆ ಸಿಗ್ನಲ್ ಸತ್ತೇ ಹೋಗುತ್ತದೆ. ತಿರುಗಿಸಿದ ದಿನ ಅವರ ಖುಷಿ ಕೇಳಬೇಕಿತ್ತು. ಇನ್ನೊಬ್ಬರು ಎತ್ತರದ ಕಂಬ ಹಾಕಿ ಆರ್‌ಜಿ-58 ಅನ್ನುವ ತೆಳು ಕೇಬಲ್ ಇಪ್ಪತ್ತೈದು ಮೀಟರ್ ಎಳೆದಿದ್ದರು. 2 ಮೀಟರ್ ಬ್ಯಾಂಡಿನಲ್ಲಿ ಅಷ್ಟುದ್ದಕ್ಕೆ ಅರ್ಧಕ್ಕಿಂತ ಜಾಸ್ತಿ ಪವರ್ ಕೇಬಲ್ಲಿನಲ್ಲೇ ಹೋಗುತ್ತದೆ. ದಪ್ಪನೆಯ ಆರ್‌ಜಿ-213 ಹಾಕಿಸಿದೆವು. ಕೇಬಲ್‌ಗೇ ಮೂರು ಸಾವಿರ ಚಿಲ್ಲರೆ ಆಯಿತು. ಮನೆಯವರು ಕೋಪ ಮಾಡಿಕೊಂಡರಂತೆ. ಈಗ ಅವರ ಮನೆಯವರೇ ಲೈಸೆನ್ಸ್‌ಗೆ ಓದುತ್ತಿದ್ದಾರೆ.

ಗುಡ್ಡದ ಮರೆಯವರಿಗೆ ರಿಲೇ. ಸಕಲೇಶಪುರ ಕಡೆಯ ತೋಟದ ಮನೆಯ ಅಕ್ಕ ಒಬ್ಬರು ಎರಡೂ ಕಡೆ ಕೇಳುವ ಜಾಗದಲ್ಲಿದ್ದಾರೆ. ಆ ಕಡೆಯ ಮಾತು ಈ ಕಡೆಗೆ, ಈ ಕಡೆಯದು ಆ ಕಡೆಗೆ, ಒಂದು ಪದ ಬಿಡದೆ ದಾಟಿಸುತ್ತಾರೆ. ನಾಯಿ ಸಿಕ್ಕಿತು ಅನ್ನುವ ಸುದ್ದಿಯನ್ನು ತಪ್ಪಿಲ್ಲದೆ ದಾಟಿಸಲು ಕಲಿತವರು ತುರ್ತು ಸಂದೇಶವನ್ನೂ ತಪ್ಪಿಲ್ಲದೆ ದಾಟಿಸುತ್ತಾರೆ. ಹಿರಿಯರು ಬಯಸಿದ ಶಿಸ್ತು ಹೀಗೆ ಹರಟೆಯಿಂದಲೇ ಬಂತು. ಇದನ್ನು ಅವರಿಗೆ ನಾನು ಎದುರಿಗೇ ಹೇಳಿದ್ದೇನೆ. ಒಪ್ಪಿಕೊಂಡರು.

ನಡುವೆ ಬೇರೆ ಬೇರೆ ಪ್ರಯೋಗಗಳೂ ನಡೆದವು. ಸಿಂಪ್ಲೆಕ್ಸ್ ಹರಟೆಯಲ್ಲಿ ಅಡುಗೆ ಮಾತು ಜಾಸ್ತಿ. ಅಕ್ಕಿ ರೊಟ್ಟಿ ಹೇಗಾಯಿತು ತೋರಿಸಿ ಅಂದರು ಯಾರೋ. ಒಬ್ಬ ಹುಡುಗ ಫೋನಿನಲ್ಲಿ, ಚಿತ್ರವನ್ನು ಸದ್ದಾಗಿ ಬದಲಿಸುವ ಸ್ಲೋ ಸ್ಕ್ಯಾನ್ ಆಪ್ ಹಾಕಿಕೊಂಡು, ಸ್ಪೀಕರನ್ನು ಹ್ಯಾಂಡಿಯ ಮೈಕ್‌ಗೆ ಹಿಡಿದು ಚಿತ್ರ ಕಳಿಸಿದ. ರೋಬೋ 36 ಮೋಡ್, ಒಂದು ಚಿತ್ರಕ್ಕೆ 36 ಸೆಕೆಂಡ್. ರೊಟ್ಟಿ ಹಸಿರಾಗಿ ಬಂತು, ಗೆರೆ ಗೆರೆ ಬೇರೆ. ಎಲ್ಲರಿಗೂ ಹುಚ್ಚು ಹಿಡಿಯಿತು. ಈಗ ಇಂಟರ್‌ಫೇಸ್ ಕೇಬಲ್ ಇಲ್ಲದವರೇ ಕಮ್ಮಿ. ಅದೇ ಹುಡುಗ ಮುಂದೆ ಬಾಹ್ಯಾಕಾಶ ನಿಲ್ದಾಣದಿಂದ 145.800 ಮೆಗಾಹರ್ಟ್ಸ್‌ನಲ್ಲಿ ಬಂದ ಚಿತ್ರವನ್ನು ತೆಂಗಿನ ತೋಟದಲ್ಲಿ ನಿಂತು ಹಿಡಿದ. ರೊಟ್ಟಿಯಿಂದ ಅಲ್ಲಿಗೆ ಹೋದ.

ಹರಟೆಯನ್ನು ಮೋರ್ಸ್‌ನಲ್ಲಿ ಮಾತ್ರ ಮಾಡೋಣ ಅಂತ ಒಂದು ತಿಂಗಳು ನೋಡಿದೆವು. ಜನರಲ್ ಗ್ರೇಡ್‌ಗೆ ನಿಮಿಷಕ್ಕೆ 8 ಪದ ಬೇಕಲ್ಲ, ಅಭ್ಯಾಸ ಆಗಲಿ ಅಂತ. ಆರು ಜನ ಉಳಿದರು. ಅವರಲ್ಲಿ ಮೂವರು ಪರೀಕ್ಷೆ ಪಾಸಾದರು. ಉಳಿದವರು ಬರದೇ ಹೋದರು, ಹಾಗಾಗಿ ಅದನ್ನು ಗುರುವಾರಕ್ಕೆ ಮಾತ್ರ ಇಟ್ಟೆವು. ಫಾಕ್ಸ್ ಹಂಟ್ (ಅಡಗಿಸಿಟ್ಟ ಟ್ರಾನ್ಸ್‌ಮಿಟರ್ ಹುಡುಕುವ ಆಟ) ಕೂಡ ಹೀಗೇ ಹುಟ್ಟಿತು. ಯಾರದೋ ಮೈಕ್‌ನ ಗುಂಡಿ ಸಿಕ್ಕಿಹಾಕಿಕೊಂಡು ಫ್ರೀಕ್ವೆನ್ಸಿ ತುಂಬಿತ್ತು. ಹ್ಯಾಂಡಿಯನ್ನು ಎದೆಗೆ ಒತ್ತಿ ಸುತ್ತ ತಿರುಗಿ ಸಿಗ್ನಲ್ ಸಾಯುವ ದಿಕ್ಕು ನೋಡಿ ಹುಡುಕಿದೆವು. ಸಿಗ್ನಲ್ ಬೆನ್ನ ಹಿಂದಿನಿಂದ ಬರುತ್ತಿರುತ್ತದೆ. ಈಗ ಅಳತೆ ಟೇಪ್ ಕತ್ತರಿಸಿ ಮಾಡಿದ ಯಾಗಿ ಹಿಡಿದು ಮಕ್ಕಳೂ ಬರುತ್ತಾರೆ.

ನಮ್ಮ ಪದ್ಧತಿಗೆ ನಿಜವಾದ ಪರೀಕ್ಷೆ ಬಂದಿದ್ದು ಮೇ ತಿಂಗಳಲ್ಲಿ. ಸಿಡಿಲು ಹೊಡೆದು ರಿಪೀಟರ್ ಪೂರ್ತಿ ಹೋಯಿತು. ರಿಸೀವರ್, ಕಂಟ್ರೋಲರ್, ಪವರ್ ಸಪ್ಲೈ, ಯಾವುದೂ ಉಳಿಯಲಿಲ್ಲ. ಮತ್ತೆ ಎಬ್ಬಿಸಲು ಮೂರು ವಾರದ ಮೇಲೆ ಬೇಕಾಯಿತು, ಖರ್ಚು ಇಪ್ಪತ್ತೆರಡು ಸಾವಿರದ ಹತ್ತಿರ. ಹಿಂದೆಲ್ಲ ಹೀಗಾದರೆ ನೆಟ್ ತಿಂಗಳುಗಟ್ಟಲೆ ನಿಲ್ಲುತ್ತಿತ್ತು. ಈ ಸಲ ಅದೇ ರಾತ್ರಿ ಎಂಟೂವರೆಗೆ ನೆಟ್ ಸಿಂಪ್ಲೆಕ್ಸ್‌ನಲ್ಲಿ ನಡೆಯಿತು. ಮೂವತ್ತರಲ್ಲಿ ಇಪ್ಪತ್ತು ಇಪ್ಪತ್ತೆರಡು ಜನ ಸಿಕ್ಕರು, ಕೆಲವರು ನೇರ, ಕೆಲವರು ಅಕ್ಕನ ರಿಲೇ ಮೇಲೆ. ಚಂದಾಕ್ಕೆ ಕೈ ಚಾಚಿದಾಗ ಒಬ್ಬರೂ 'ನಾವ್ಯಾಕೆ' ಅನ್ನಲಿಲ್ಲ. ಹತ್ತು ದಿನದಲ್ಲಿ ದುಡ್ಡು ಸೇರಿತು. ದಿನಾ ರಾತ್ರಿ ಮಾತಾಡುವವರಿಗೆ ದುಡ್ಡು ಕೇಳುವುದು ಸುಲಭ. ಬರೀ ಕಾಲ್‌ಸೈನ್ ಹೇಳಿ ಹೋಗುವವರ ಹತ್ತಿರ ಕೇಳಲು ಬಾಯಿಯೇ ಬರುವುದಿಲ್ಲ.

ಸಿಂಪ್ಲೆಕ್ಸ್‌ನಲ್ಲಿ ಮೊದಲ ಮಾತು ಯಾರಿಂದ ಶುರು ಮಾಡಿಸುತ್ತೇವೆ ಅನ್ನುವುದರಲ್ಲಿ ಒಂದು ಗುಟ್ಟಿದೆ. ಅದನ್ನು ಬರೆಯುವುದಿಲ್ಲ. ನಮ್ಮ ಕಡೆ ಬಂದರೆ ಒಂದು ರಾತ್ರಿ ಕೇಳಿ, ನಿಮಗೇ ಗೊತ್ತಾಗುತ್ತದೆ.

ವಿಜಯಪುರ ಕಡೆಯ ಗುಂಪಿನವರು ಇದನ್ನೇ ಮಾಡಲು ಹೊರಟಿದ್ದಾರೆ. ಅವರದು ಬಯಲು ಸೀಮೆ. 2 ಮೀಟರ್ ಸಿಂಪ್ಲೆಕ್ಸ್ ಅಲ್ಲಿ ತಾರಸಿಯ ಮೇಲಿನ ಸಣ್ಣ ಆಂಟೆನಾಕ್ಕೂ ಸುಲಭವಾಗಿ ಸಿಗುತ್ತದೆ. ಸುಲಭ ಆದರೆ ಯಾರೂ ಕೈ ಕೆಸರು ಮಾಡಿಕೊಳ್ಳುವುದಿಲ್ಲ, ಹರಟೆ ಮಾತ್ರ ಉಳಿಯುತ್ತದೆ. ಹಾಗಾಗಿ ಹರಟೆಯನ್ನು 70 ಸೆಂಟಿಮೀಟರ್ ಬ್ಯಾಂಡಿಗೆ ಹಾಕಿ ಅಂದೆ. 434ರಿಂದ 438 ಮೆಗಾಹರ್ಟ್ಸ್‌ ಒಳಗೆ ಒಂದು ಜಾಗ ನೋಡಿಕೊಳ್ಳಿ, ಪವರ್ ಒಂದು ವಾಟ್ ಮೀರಬಾರದು ಅಂತ ನೀವೇ ಕಟ್ಟು ಹಾಕಿಕೊಳ್ಳಿ ಅಂದೆ. ಹ್ಯಾಂಡಿಗಳು ಹೇಗೂ ಎರಡು ಬ್ಯಾಂಡಿನವು. ಮೊದಲು ಯಾರಿಗೂ ಯಾರೂ ಕೇಳುವುದಿಲ್ಲ, ಬೈಯುತ್ತಾರೆ, ಮೂರು ವಾರ ತಡೆದುಕೊಳ್ಳಿ ಅಂತಲೂ ಹೇಳಿದ್ದೇನೆ. ಜೋಳದ ಕೊಯ್ಲು ಮುಗಿದ ಮೇಲೆ ಶುರು ಮಾಡುತ್ತಾರಂತೆ. ಮೊದಲ ತಿಂಗಳ ಚೆಕ್-ಇನ್ ಲೆಕ್ಕ ಕಳಿಸಿ ಅಂತ ಕೇಳಿದ್ದೇನೆ.